ನಾಣ್ಯಕ್ಕೊಂದು ಕರಡಿಗೆ

(ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸಮ್ಮೇಳನದ ದಿನ ಮುಖ್ಯಾಧ್ಯಾಪಕರಾದವರು ವರ್ಷದ ವರದಿಯನ್ನು ಓದಿ ಕುಳಿತುಕೊಳ್ಳುವದು ವಾಡಿಕೆ. ವರದಿಯನ್ನು ಓದಿಯಾಯಿತು. ಆದರೆ ಅದರಲ್ಲಿ ಸೇರದ ಸಂಗತಿಯೊಂದು ಉಳಿದಿದೆ. ಅದು ನಮ್ಮಿಂದಲೇ ಆದ ತಪ್ಪು. ಅದನ್ನು ನಿಮ್ಮೆದುರಿಗೆ ಒಪ್ಪಿಕೊಳ್ಳದೆ ಮುಂದಿನ ಮಾತು ಸಾಗುವಂತಿಲ್ಲ.

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಶಾಲೆಯಲ್ಲಿ ಹಳೆಯ ನಾಣ್ಯಗಳ ಪ್ರದರ್ಶನವನ್ನು ಏರ್ಪಡಿಸಿದ್ದೆವು. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಿಂದಲೂ ಇಚಲಕರಂಜಿಯ ಮಗ್ಗದ ಮನೆಗಳಿಂದಲೂ ಮಕ್ಕಳು ಅಜ್ಜ-ಅಜ್ಜಿಯರ ಕಾಲದ ಬಿಲ್ಲೆಗಳನ್ನು ಹಿಡಿದು ತಂದರು. ಅವು ಅಂದವಾಗಿ ಕಾಣಲೆಂದು ಪೇಟೆಯಿಂದ ಒಂದು ಆಲ್ಬಮ್ಮನ್ನು ತರಿಸಿದೆವು. ಮೆತ್ತನೆಯ ಪ್ಲಾಸ್ಟಿಕ್ಕಿನ ಚಿಕ್ಕ ಚಿಕ್ಕ ಚೀಲಗಳಿದ್ದ ಪುಟಗಳು ಅದರವು. ಪ್ರದರ್ಶನ ಮುಗಿಯಿತು, ಎಲ್ಲರೂ ಹೊಗಳಿದರು. ಆಲ್ಬಮ್ಮು ಕಚೇರಿಯ ಕಪಾಟಿನಲ್ಲಿ ಕುಳಿತಿತು. ಹಿಂದಿರುಗಿಸುವ ಕೆಲಸ ಇಂದು ನಾಳೆ ಎನ್ನುತ್ತ ದೀಪಾವಳಿಯವರೆಗೆ ಹೋಯಿತು. ತೆರೆದು ನೋಡಿದಾಗ ತಾಮ್ರದ ನಾಣ್ಯಗಳ ಮೇಲೆಲ್ಲ ಅಂಟಂಟಾದ ಹಸಿರು ಪದರು! ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು 1862ರ ಒಂದು ಕಾಲಾಣೆ. ರಾಣಿ ವಿಕ್ಟೋರಿಯಾಳ ಮುಖದ ಮೇಲೆ ಹಾವಸೆ ಕಟ್ಟಿದಂತಾಗಿತ್ತು.

ಆ ನಾಣ್ಯವನ್ನು ಕೊಟ್ಟವರು ಏಳನೆಯ ಇಯತ್ತೆಯ ಹುಡುಗನೊಬ್ಬನ ಅಜ್ಜಿ. ಅವರನ್ನು ಕರೆಸಿ, ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದೆವು. ಆ ಹಿರಿಯರು ಸಿಟ್ಟಾಗಲಿಲ್ಲ. “ಮಾಸ್ತರ, ರೊಕ್ಕದ ಮಾತಲ್ಲರಿ. ನಮ್ಮ ಅತ್ತಿ ಕೊಟ್ಟದ್ದು. ಐವತ್ತು ವರ್ಸ ಅಡಕಲ ಗಡಿಗ್ಯಾಗ ಇತ್ತು, ಏನೂ ಆಗಿರಲಿಲ್ಲ. ನಿಮ್ಮ ಪುಸ್ತಕದಾಗ ನಾಕ ತಿಂಗಳಿಗೆ ಹಸರ ಯಾಕ ಆತು, ಅಷ್ಟ ಹೇಳ್ರಿ” ಎಂದರು. ನಮಗೆ ಉತ್ತರ ತಿಳಿದಿರಲಿಲ್ಲ. ಇಂದಿನ ಭಾಷಣವು ಆ ಅಜ್ಜಿಗೆ ನಾವು ಕೊಡಬೇಕಾಗಿರುವ ಉತ್ತರ. ಅವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ.

ಮೊದಲು ಆ ಹಸಿರಿನ ಮಾತು. ಮೆತ್ತನೆಯ ಚೀಲಗಳನ್ನು ಮಾಡುವ ಪ್ಲಾಸ್ಟಿಕ್ಕಿಗೆ ಪಿ.ವಿ.ಸಿ. ಎಂದು ಹೆಸರು. ನಮ್ಮ ಮನೆಗಳಲ್ಲಿಯ ನೀರಿನ ಪೈಪೂ ಅದೇ ಜಾತಿಯದು. ಸ್ವಭಾವತಃ ಅದು ಗಟ್ಟಿ. ಮೆತ್ತಗಾಗಲೆಂದು ಅದರಲ್ಲಿ ಎಣ್ಣೆಯಂಥ ದ್ರವ್ಯವೊಂದನ್ನು ಬೆರೆಸುವರು. ಹೊಸ ರೇನ್‌ಕೋಟನ್ನು ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆ ನಿಮಗೆ ಗೊತ್ತಿದೆಯಷ್ಟೆ? ಸೆಕೆಯಲ್ಲಿಯೂ ತೇವದಲ್ಲಿಯೂ ಈ ದ್ರವ್ಯವು ಮೆಲ್ಲಗೆ ಒಸರಿ ಹೊರಬರುತ್ತದೆ. ಅಷ್ಟೇ ಅಲ್ಲ, ಪ್ಲಾಸ್ಟಿಕ್ಕು ಹಳತಾದಂತೆ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲವೂ ತುಸುತುಸುವಾಗಿ ಬಿಡುಗಡೆಯಾಗುತ್ತದೆ. ಆಮ್ಲವು ತಾಮ್ರವನ್ನು ತಿನ್ನುತ್ತದೆ, ಹಸಿರು ಬಣ್ಣದ ಕ್ಲೋರೈಡು ಹುಟ್ಟುತ್ತದೆ. ಬೆಳ್ಳಿಯ ನಾಣ್ಯದಲ್ಲಿಯೂ ಗಟ್ಟಿತನಕ್ಕೆಂದು ತಾಮ್ರದ ಬೆರಕೆ ಇರುವದರಿಂದ ಅದಕ್ಕೂ ಈ ಕಾಟ ತಪ್ಪಿದ್ದಲ್ಲ. ಪಂಚಗಂಗೆ, ಹಿರಣ್ಯಕೇಶಿಗಳ ಈ ಸೀಮೆಯಲ್ಲಿ ಮಳೆಗಾಲದ ಗಾಳಿ ಎಷ್ಟು ಹಸಿಯಾಗಿರುವದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ವಿಜ್ಞಾನ ಶಿಕ್ಷಕರು ಒಂದು ಪ್ರಯೋಗವನ್ನು ಮಾಡಿ ತೋರಿಸಿದರು. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಆ ಆಲ್ಬಮ್ಮಿನ ಪುಟಕ್ಕೆ ತಗುಲಿಸಿ, ಮತ್ತೆ ಜ್ವಾಲೆಗೆ ಹಿಡಿದರು. ಜ್ವಾಲೆಯು ಗಿಳಿಹಸಿರಾಯಿತು. ಅದು ಕ್ಲೋರಿನ್ನಿನ ಗುರುತು. (ಹೊಗೆ ವಿಷಕರವಾದ್ದರಿಂದ ಮನೆಯಲ್ಲಿ ಯಾರೂ ಇದನ್ನು ಮಾಡತಕ್ಕದ್ದಲ್ಲ.) ಗಡಿಗೆಗೆ ಈ ದೋಷವಿಲ್ಲ. ಒಣಗಿದ ಮಣ್ಣಿನ ಗಡಿಗೆಯು ನಾಣ್ಯಕ್ಕೆ ಏನನ್ನೂ ಅಂಟಿಸುವದಿಲ್ಲ. ಅಜ್ಜಿಯ ಅತ್ತೆಯವರಿಗೆ ರಸಾಯನ ಶಾಸ್ತ್ರ ಬರುತ್ತಿರಲಿಲ್ಲ, ಆದರೆ ಅವರ ಗಡಿಗೆ ನಮ್ಮ ಆಲ್ಬಮ್ಮಿಗಿಂತ ಮೇಲಾಗಿತ್ತು.

ಹಾಗಾದರೆ ನಾಣ್ಯಕ್ಕೆ ಯೋಗ್ಯವಾದ ಮನೆ ಯಾವದು? ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುವ ಮನೆತನಗಳು ನಮ್ಮಲ್ಲಿ ಬಹಳ. ಕರಡಿಗೆಯ ಲಕ್ಷಣವೇನು? ಒಳಗಿರುವದಕ್ಕೆ ಸರಿಯಾಗಿ ಹೊಂದಬೇಕು, ಅಲುಗಾಡಗೊಡಬಾರದು, ತಾನು ಅದಕ್ಕೆ ಕೇಡು ಮಾಡಬಾರದು. ನಾಣ್ಯದ ಕರಡಿಗೆಗೂ ಇವೇ ಲಕ್ಷಣಗಳು. ಅದರ ಇತಿಹಾಸವನ್ನು ನೋಡಿದರೆ ಜನರು ಈ ಮೂರನ್ನು ಒಂದೊಂದಾಗಿ, ಪೆಟ್ಟು ತಿಂದೇ ಕಲಿತಿದ್ದಾರೆಂದು ತೋರುವದು.

ಹಿಂದೆ ಯುರೋಪಿನ ಶ್ರೀಮಂತ ಸಂಗ್ರಾಹಕರು ಮರದ ಕಪಾಟುಗಳಲ್ಲಿ ಹಲಗೆಗೆ ದುಂಡನೆಯ ಕುಳಿ ಕೊರೆಯಿಸಿ ನಾಣ್ಯಗಳನ್ನು ಇಡುತ್ತಿದ್ದರು. ಸಾಮಾನ್ಯರಿಗೆ ಕಾಗದದ ಲಕ್ಕೋಟೆ. ಅಗ್ಗದ ಕಾಗದದಲ್ಲಿ ಗಂಧಕದ ಅಂಶವಿದ್ದರೆ ಬೆಳ್ಳಿ ಕಪ್ಪಾಗುತ್ತದೆ. ಅಮೆರಿಕೆಯಲ್ಲಿ 1930ರ ದಶಕದ ಕಡು ಬಡತನದ ಕಾಲದಲ್ಲಿ ರಟ್ಟಿನ ಹಲಗೆಗಳಲ್ಲಿ ಇಸವಿಗೊಂದರಂತೆ ತೂತು ಮಾಡಿ ಮಾರತೊಡಗಿದರು. ಕಿಸೆಯಲ್ಲಿ ಬಂದ ಚಿಲ್ಲರೆಯಿಂದಲೇ ತೂತುಗಳನ್ನು ತುಂಬುವದು ಮನೆಮಂದಿಯ ಆಟವಾಯಿತು. ಆ ಬಳಿಕ ಎರಡು ಅಂಗುಲ ಚೌಕದ ರಟ್ಟು ಬಂದಿತು. ಅದರ ನಡುವೆ ಪಾಲಿಯೆಸ್ಟರಿನ ತೆಳು ಕಿಟಕಿ, ಸುತ್ತಲೂ ಸ್ಟೇಪಲ್ ಪಿನ್ನು. ಇದು ಇಂದಿಗೂ ಅಗ್ಗದ, ಒಳ್ಳೆಯ ಉಪಾಯವೇ. ಪಾಲಿಯೆಸ್ಟರು ಮೆತ್ತಗಿರುವದಿಲ್ಲ, ಮುಟ್ಟಿದರೆ ಚರಚರ ಎನ್ನುತ್ತದೆ, ಅದರಿಂದ ಏನೂ ಒಸರುವದಿಲ್ಲ. ಆದರೆ ಪಿನ್ನನ್ನು ಚಪ್ಪಟೆ ಮಾಡದೆ ಬಿಟ್ಟರೆ ಪಕ್ಕದ ನಾಣ್ಯದ ಮುಖಕ್ಕೆ ಗೀರು ಬೀಳುತ್ತದೆ, ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ.

ಈಗ ನಾವು ದೂರದೇಶವನ್ನು ಬಿಟ್ಟು ನಮ್ಮ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಬರೋಣ. ನಾಣ್ಯದ ಮೇಲ್ಮೈಯನ್ನು ಏಕೆ ಕಾಯಬೇಕೆಂಬುದಕ್ಕೆ ಕೊಲ್ಹಾಪುರಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಲಾರದು.

ಪಂಚಗಂಗೆಯ ದಂಡೆಯ ಮೇಲೆ ಬ್ರಹ್ಮಪುರಿ ಎಂಬ ದಿಬ್ಬವಿದೆ. ರಾಜಾರಾಮ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಅಲ್ಲಿ 1944-45ರಲ್ಲಿ ಅಗೆತವನ್ನು ನಡೆಯಿಸಿದರು. ಮುಂದಿನ ವರ್ಷ ಪುಣೆಯ ಡೆಕ್ಕನ್ ಕಾಲೇಜಿನ ಹ. ಧೀ. ಸಾಂಕಳಿಯಾ ಹಾಗೂ ಮೊ. ಗ. ದೀಕ್ಷಿತರು ಆ ಕೆಲಸವನ್ನು ಮುಂದುವರಿಸಿದರು. ಅಲ್ಲಿ ದೊರೆತ ಗ್ರೀಕರ ಸಮುದ್ರದೇವ ಪೊಸೈಡನ್ನನ ಕಂಚಿನ ಪುಟ್ಟ ಮೂರ್ತಿಯು ಲೋಕಪ್ರಸಿದ್ಧವಾಗಿದೆ. ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಓದಿ ಪ್ರಕಟಿಸಿದ ಕುಂದಣಗಾರರು 1961ರಲ್ಲಿ ಗದುಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಈ ಊರಿನ ಕನ್ನಡಿಗರು ಮರೆಯಬಾರದ ಹೆಸರು ಅದು.

ಕೊಲ್ಹಾಪುರದ ನೆಲದಲ್ಲಿ ಅದಕ್ಕೂ ಮೊದಲೇ, 19ನೆಯ ಶತಮಾನದಲ್ಲಿಯೇ, ಸೀಸದ ನಾಣ್ಯಗಳು ದೊರೆತಿದ್ದವು. ಅವುಗಳನ್ನು ಕುರಿತು ಪಂಡಿತ ಭಗವಾನಲಾಲ ಇಂದ್ರಜಿಯವರು 1877ರ ಸುಮಾರಿಗೆ ಬರೆದರು. ಆ ನಾಣ್ಯಗಳ ಒಂದು ಮಗ್ಗುಲಲ್ಲಿ ಹೆದೆಯೇರಿಸಿ ಬಾಣ ಹೂಡಿದ ಬಿಲ್ಲು, ಸುತ್ತಲೂ ಬ್ರಾಹ್ಮೀ ಅಕ್ಷರಗಳು. ಇನ್ನೊಂದು ಮಗ್ಗುಲಲ್ಲಿ ಕಮಾನಿನ ಮೇಲೆ ಕಮಾನು ಪೇರಿಸಿದಂಥ ಬೆಟ್ಟ, ಗಿಡ. ಕ್ರಿಸ್ತಶಕದ ಮೊದಲ ಎರಡು ಶತಮಾನಗಳ ಸುಮಾರಿನವು. ಅವುಗಳಲ್ಲಿ ಮೂವರು ಅರಸರ ಹೆಸರುಗಳಿವೆ. ವಾಸಿಷ್ಠೀಪುತ್ರ ವಿಳಿವಾಯಕುರ, ಮಾಢರೀಪುತ್ರ ಶಿವಲಕುರ, ಗೌತಮೀಪುತ್ರ ವಿಳಿವಾಯಕುರ. ಮೂವರೂ ತಾಯಿಯ ಹೆಸರಿನಿಂದ ತಮ್ಮನ್ನು ಗುರುತಿಸಿಕೊಂಡವರೆಂಬುದನ್ನು ವಿದ್ಯಾರ್ಥಿನಿಯರು ಗಮನಿಸಲಿ.

ಈ ಮೂವರಲ್ಲಿ ಮೊದಲಿನವನಾರು, ಕೊನೆಯವನಾರು? ಶಾಸನ ಹೇಳಲಿಲ್ಲ, ಗ್ರಂಥ ಹೇಳಲಿಲ್ಲ. ಹೇಳಿದ್ದು ನಾಣ್ಯದ ಮೈ. ಹೊಸ ಅರಸನು ಕೆಲವು ಸಲ ಹೊಸ ಸೀಸವನ್ನು ಎರಕ ಹೊಯ್ಯದೆ ಹಿಂದಿನವನ ನಾಣ್ಯವನ್ನೇ ತೆಗೆದುಕೊಂಡು ಅದರ ಮೇಲೆ ತನ್ನ ಮುದ್ರೆಯನ್ನು ಒತ್ತಿಸುತ್ತಿದ್ದನು. ಪಾಟಿಯ ಮೇಲೆ ಅರೆಬರೆ ಒರೆಸಿದ ಅಕ್ಷರಗಳ ಮೇಲೆಯೇ ಮತ್ತೆ ಬರೆದಂತೆ, ಕೆಳಗಿನ ಹಳೆಯ ಮುದ್ರೆಯ ಗೆರೆಗಳು ಅಲ್ಲಲ್ಲಿ ಉಳಿದುಕೊಳ್ಳುವವು. ಶಿವಲಕುರನ ಮುದ್ರೆಯ ಕೆಳಗೆ ವಾಸಿಷ್ಠೀಪುತ್ರನದು ಕಾಣುತ್ತದೆ. ಗೌತಮೀಪುತ್ರನದರ ಕೆಳಗೆ ಆ ಇಬ್ಬರವೂ ಕಾಣುತ್ತವೆ. ಆದುದರಿಂದ ಗೌತಮೀಪುತ್ರನೇ ಕೊನೆಯವನು. ಒಂದು ರಾಜಮನೆತನದ ಅನುಕ್ರಮವು ಕೂದಲೆಳೆಯಂಥ ಕೆಲವು ಗೆರೆಗಳ ಮೇಲೆ ನಿಂತಿದೆ! ಯಾರಾದರೂ ಭಕ್ತಿಯಿಂದ ಆ ಬಿಲ್ಲೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದರೆ? ಸೀಸವು ಉಗುರಿಗೆ ಗೀರುವಷ್ಟು ಮೆತ್ತನೆಯ ಲೋಹ. ಮೂವರು ಅರಸರೂ ಒಂದೇ ಸಲಕ್ಕೆ ಅಳಿಸಿಹೋಗುತ್ತಿದ್ದರು.

ನಾವು ಕೂಡ ಚಿಕ್ಕಂದಿನಲ್ಲಿ ದೇವರ ಜಗುಲಿಯ ಬೆಳ್ಳಿ ರೂಪಾಯಿಯನ್ನು ದೀಪಾವಳಿಗೊಮ್ಮೆ ತಿಕ್ಕಿ ತಿಕ್ಕಿ ಹೊಳೆಯಿಸಿ ಶಾಬಾಸಕಿ ಪಡೆದವರೇ. ಈಗ ಆ ರೂಪಾಯಿಯ ಅರಸನಿಗೆ ಮೂಗೇ ಇಲ್ಲ.

ಸೀಸಕ್ಕೆ ಇನ್ನೊಂದು ಸೂಕ್ಷ್ಮವಿದೆ. ಓಕ್ ಮರ, ಪ್ಲೈವುಡ್, ಅಗ್ಗದ ರಟ್ಟು ಇವುಗಳಿಂದ ಹುಳಿಯಾದ ಆವಿ ಹೊರಡುತ್ತದೆ. ಮನುಷ್ಯರ ಮೂಗಿಗೆ ಅದು ತಿಳಿಯದು. ಸೀಸಕ್ಕೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅದರ ಮೇಲೆ ಬಿಳಿಯ ಪುಡಿ ಏಳುತ್ತದೆ, ಕೆಲವು ವರ್ಷಗಳಲ್ಲಿ ನಾಣ್ಯವೇ ಪುಡಿಯಾಗಬಹುದು. ಶ್ರೀಮಂತರ ಮರದ ಕಪಾಟೇ ಸೀಸದ ಪಾಲಿಗೆ ಶತ್ರು. ಆದ್ದರಿಂದ ಸೀಸದ ನಾಣ್ಯಗಳನ್ನು ಪಾಲಿಪ್ರೊಪಿಲೀನ್, ಪಾಲಿಯೆಸ್ಟರುಗಳಂಥ ನಿರುಪದ್ರವಿ ಪ್ಲಾಸ್ಟಿಕ್ಕಿನಲ್ಲಿ ಒಣಗಿದ ಕಡೆ ಇಡಬೇಕು. ಮುಟ್ಟಿದವರು ಕೈ ತೊಳೆದುಕೊಳ್ಳಬೇಕು, ಏಕೆಂದರೆ ಸೀಸ ವಿಷ. ಪ್ಲಾಸ್ಟಿಕ್ಕೆಲ್ಲ ಕೆಟ್ಟದ್ದು, ಮರವೆಲ್ಲ ಒಳ್ಳೆಯದು ಎಂದು ತಿಳಿಯುವಂತಿಲ್ಲ ನೋಡಿರಿ.

ಇನ್ನು, ಇತ್ತೀಚೆಗೆ ನಮ್ಮ ಹಿರಿಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನೋಡಿ ಬೆರಗಾಗಿ ನಮ್ಮಲ್ಲಿಗೆ ತಂದು ತೋರಿಸುವ ವಸ್ತುವಿನ ಮಾತು. ಇಸ್ಪೀಟಿನ ಎಲೆಯಷ್ಟು ಅಗಲದ ಗಟ್ಟಿ, ಪಾರದರ್ಶಕ ಫಲಕ, ಅದರ ನಡುವೆ ನಾಣ್ಯ, ಮೇಲೆ ಚೀಟಿಯಲ್ಲಿ ಹೆಸರು, ಇಸವಿ, ಒಂದು ಅಂಕ. ಅದಕ್ಕೆ ಸ್ಲ್ಯಾಬು ಎಂದು ಹೆಸರು. ನಮ್ಮ ಕಡೆ ಸ್ಲ್ಯಾಬೆಂದರೆ ಮನೆಯ ಮೇಲಿನ ಕಾಂಕ್ರೀಟು. ಅಮೆರಿಕೆಯವರು ಕಿರುಬೆರಳಿನಷ್ಟು ದಪ್ಪವಿಲ್ಲದ ಈ ಕರಡಿಗೆಗೆ ಆ ಹೆಸರನ್ನಿಟ್ಟಿದ್ದಾರೆ.

ಅದರ ಕಥೆ ಹೀಗಿದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವನು ಅಮೆರಿಕೆಯ ಹಳೆಯ ತಾಮ್ರದ ಸೆಂಟುಗಳ ಮೇಲೆ ಗ್ರಂಥವನ್ನು ಬರೆದು, ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಕ್ರಮವನ್ನು ಹಾಕಿದನು. ತೀರ ಸವೆದದ್ದು ಒಂದು ಡಾಲರಿಗೆ ಹೋದರೆ ಉತ್ತಮೋತ್ತಮವಾದದ್ದು 70 ಡಾಲರಿಗೆ ಹೋಗುವದೆಂಬುದು ಅವನ ಲೆಕ್ಕ. ಬೆಲೆಗಳು ಬದಲಾದವು, ಅಂಕಗಳು ಉಳಿದವು. ಮುಂದೆ ನಕಲಿ ನಾಣ್ಯಗಳ ಹಾವಳಿ ಹೆಚ್ಚಿದಾಗ ಅಮೆರಿಕೆಯ ನಾಣ್ಯಶಾಸ್ತ್ರ ಸಂಘವು 1972ರಲ್ಲಿ ನಾಣ್ಯಗಳ ಸಾಚಾತನವನ್ನು ಪರೀಕ್ಷಿಸುವ ಕೆಲಸವನ್ನು ಆರಂಭಿಸಿತು. 1979ರಿಂದ ಸ್ಥಿತಿಯ ಅಂಕವನ್ನೂ ಕೊಡತೊಡಗಿತು. ಆಗ ಕೊಡುತ್ತಿದ್ದದ್ದು ಭಾವಚಿತ್ರವಿದ್ದ ಪ್ರಮಾಣಪತ್ರ. ಪತ್ರ ಬೇರೆ, ನಾಣ್ಯ ಬೇರೆ. ಮೋಸಗಾರನಿಗೆ ಅಷ್ಟು ಸಂದು ಸಾಕು. ಒಳ್ಳೆಯ ನಾಣ್ಯದ ಪತ್ರದೊಡನೆ ಅದೇ ಮಾದರಿಯ ಕೀಳು ನಾಣ್ಯವನ್ನು ಸೇರಿಸಿ ಮಾರಬಹುದು.

ಈ ಸಂದನ್ನು ಮುಚ್ಚಿದ್ದೇ ಸ್ಲ್ಯಾಬು. 1986ರಲ್ಲಿ ಪಿ.ಸಿ.ಜಿ.ಎಸ್. ಎಂಬ ಸಂಸ್ಥೆಯೂ 1987ರಲ್ಲಿ ಎನ್.ಜಿ.ಸಿ. ಎಂಬದೂ ನಾಣ್ಯವನ್ನೂ ಚೀಟಿಯನ್ನೂ ಒಂದೇ ಫಲಕದಲ್ಲಿ ಹಾಕಿ ಮುಚ್ಚಿ ಕೊಡತೊಡಗಿದವು. ಹಾಗೆ ಮುಚ್ಚಿದವರಲ್ಲಿ ಇವರೇ ಮೊದಲಿಗರೆಂದಲ್ಲ, ಆದರೆ ಪದ್ಧತಿ ನೆಲೆಗೊಂಡದ್ದು ಇವರಿಂದ. ನಮ್ಮ ಮಾತಿನಲ್ಲಿ ಹೇಳುವದಾದರೆ, ಇಲ್ಲಿ ಕರಡಿಗೆಯು ಲೋಹವನ್ನಷ್ಟೇ ಅಲ್ಲ, ಒಂದು ಮಾತನ್ನೂ ಕಾಯುತ್ತದೆ.

ಅದರ ರಚನೆಯನ್ನು ಕೊಲ್ಹಾಪುರದ ಫೌಂಡ್ರಿಗಳಲ್ಲಿ ದುಡಿಯುವ ಪಾಲಕರು ಬೇಗ ಗ್ರಹಿಸುವರು. ಎರಕದ ಪೆಟ್ಟಿಗೆಯಂತೆ ಮೇಲೊಂದು ಕೆಳಗೊಂದು ಎರಡು ಅರೆಗಳು. ನಡುವೆ ನಾಣ್ಯದ ಅಳತೆಗೆ ಸರಿಯಾಗಿ ತೂತು ಬಿಟ್ಟ ಬಳೆಯಂಥ ಹಾಸು. ಅರೆಗಳನ್ನು ಅಂಟು ಹಾಕಿ ಕೂಡಿಸುವದಿಲ್ಲ, ಅಂಟಿನ ಆವಿಯೂ ಲೋಹಕ್ಕೆ ಕೇಡು. ಸೆಕೆಂಡಿಗೆ ಸುಮಾರು 20,000 ಸಲ ಅದುರುವ ಲೋಹದ ಮೊಳೆಯನ್ನು ಅಂಚಿಗೆ ಒತ್ತುವರು. ಕಿವಿಗೆ ಕೇಳಿಸದ ಆ ಅದುರಿನ ತಿಕ್ಕಾಟದಿಂದ ಅಂಚಿನ ಸಣ್ಣ ಏಣು ಕ್ಷಣದಲ್ಲಿ ಕರಗಿ ಎರಡೂ ಅರೆ ಒಂದಾಗುತ್ತವೆ. ಮತ್ತೆ ಬಿಚ್ಚಬೇಕಾದರೆ ಒಡೆಯಬೇಕು, ಒಡೆದರೆ ಗುರುತು ಉಳಿಯಬೇಕು. ಇದೇ ಅದರ ಜೀವಾಳ.

ಮೊದಮೊದಲಿನವುಗಳಲ್ಲಿ ಕುಂದುಗಳಿದ್ದವು. ಪಿ.ಸಿ.ಜಿ.ಎಸ್.ನವರ ಆರಂಭದ ಫಲಕಗಳಲ್ಲಿ ನಾಣ್ಯವು ಸಡಿಲಾಗಿ ಗಿಲಕಿಯಂತೆ ಸಪ್ಪಳ ಮಾಡುತ್ತಿತ್ತು. ಸಂಗ್ರಾಹಕರು ಅದನ್ನು ಗಿಲಕಿಯೆಂದೇ ಕರೆದರು. ಎನ್.ಜಿ.ಸಿ.ಯವರು ಕಪ್ಪು ಹಾಸನ್ನು ಬಳಸಿ ನೋಡಿ ಬೇಗನೆ ಬಿಳಿಯದಕ್ಕೆ ತಿರುಗಿದರು. ಹಾಸು ನಾಣ್ಯದ ಅಂಚನ್ನು ಮುಚ್ಚುತ್ತದೆಂಬ ದೂರು ಬಂದಾಗ ನಾಲ್ಕಾರು ಚಿಕ್ಕ ಹಲ್ಲುಗಳಲ್ಲಿ ನಾಣ್ಯವನ್ನು ಹಿಡಿದು ನಿಲ್ಲಿಸುವ ರೀತಿ ಬಂದಿತು. ಅಂಚೂ ಓದತಕ್ಕದ್ದೇ. ನಮ್ಮ ಐದು ರೂಪಾಯಿಯ ಹಳೆಯ ದಪ್ಪ ನಾಣ್ಯದ ಅಂಚಿನ ಗಾಡಿಯನ್ನು ಬೆರಳಿನಿಂದ ಮುಟ್ಟಿ ನೋಡಿರಿ.

ಆದರೆ ಆ ಅಂಕವನ್ನು ವೇದವಾಕ್ಯವೆಂದು ತಿಳಿಯಬೇಡಿರಿ. ನಾವು ಉತ್ತರಪತ್ರಿಕೆಗಳಿಗೆ ಅಂಕ ಕೊಡುತ್ತ ಬಂದವರು. ಒಂದೇ ಪತ್ರಿಕೆಗೆ ಒಬ್ಬರು 62 ಕೊಟ್ಟರೆ ಇನ್ನೊಬ್ಬರು 65 ಕೊಡುವದನ್ನು ಕಂಡಿದ್ದೇವೆ. ನಾಣ್ಯದಲ್ಲಿಯೂ ಹಾಗೆಯೇ. ಅಂಕ ಕಡಿಮೆ ಬಂದಿತೆಂದು ಫಲಕವನ್ನು ಒಡೆದು ಮತ್ತೆ ಮತ್ತೆ ಕಳಿಸುವವರಿದ್ದಾರೆ. ನಮ್ಮ ಮರುಮೌಲ್ಯಮಾಪನದ ಅರ್ಜಿಗಳಂತೆಯೇ ಇದು! ಅಷ್ಟೇ ಅಲ್ಲ, 2008ರ ಸುಮಾರಿನಿಂದ ಫಲಕವನ್ನೇ ನಕಲು ಮಾಡಿ ಒಳಗೆ ನಕಲಿ ನಾಣ್ಯವನ್ನಿಟ್ಟು ಮಾರುವದೂ ನಡೆದಿದೆ. ಆದ್ದರಿಂದ ಚೀಟಿಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯೊಡನೆ ಹೋಲಿಸದೆ ಯಾವ ಪಾಲಕರೂ ಹಣ ಕೊಡಬಾರದು. ಫಲಕದೊಳಗೆ ನೀರು, ಗಾಳಿ ಹೋಗುವದೇ ಇಲ್ಲವೆಂಬ ನಂಬಿಕೆಯೂ ತಪ್ಪು. 2019ರ ಆಗಸ್ಟಿನಲ್ಲಿ ಬಂದಂಥ ಮಹಾಪೂರವನ್ನು ಅದು ತಡೆಯಲಾರದು.

ಅಜ್ಜಿಯ ಕಾಲಾಣೆಯನ್ನು ಅಮೆರಿಕೆಗೆ ಕಳಿಸಿ ಅಂಕ ತರಿಸೋಣವೆಂದು ಒಬ್ಬ ಹುಡುಗನು ಕೇಳಿದನು. ಕೂಡದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಮೇರೆಗೆ ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಇನ್ನೊಂದು ಕಾಯಿದೆಯು 1878ರದು. ಹೊಲದಲ್ಲಿ ನೇಗಿಲಿಗೆ ಹಳೆಯ ನಿಧಿ ತಗುಲಿದರೆ, ಅದರ ಬೆಲೆ ಹತ್ತು ರೂಪಾಯಿಗೆ ಮೀರಿದ್ದರೆ, ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಏನು ದೊರೆಯಿತು, ಎಷ್ಟು, ಎಲ್ಲಿ, ಯಾವ ದಿನ ಎಂಬುದನ್ನೆಲ್ಲ ಬರೆಯಬೇಕು. ಆ ‘ಎಲ್ಲಿ’ ಎಂಬ ಮಾತನ್ನು ಗಮನಿಸಿರಿ. ಬಿಲ್ಲು-ಬಾಣದ ಆ ನಾಣ್ಯಗಳು ಕೊಲ್ಹಾಪುರದಲ್ಲಿ ದೊರೆತವೆಂದು ಬರೆದಿಟ್ಟದ್ದರಿಂದಲೇ ಆ ಅರಸರು ಈ ಸೀಮೆಯವರೆಂದು ನಾವಿಂದು ಹೇಳಬಲ್ಲೆವು. ಅಮೆರಿಕೆಯ ಚೀಟಿಯಲ್ಲಿ ಅಂಕಕ್ಕೆ ಸ್ಥಳವಿದೆ, ದೊರೆತ ಊರಿಗೆ ಸಾಮಾನ್ಯವಾಗಿ ಸ್ಥಳವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ಆ ಕರಡಿಗೆಯ ದೊಡ್ಡ ಕುಂದು.

ತಾಯಂದಿರಿಗೆ ಒಂದು ಮಾತು. ಪುತಳಿ ಸರದಲ್ಲಿ ಪೋಣಿಸಿದ ಹಳೆಯ ವೆನಿಸ್ಸಿನ ಚಿನ್ನದ ನಾಣ್ಯಗಳು ಈ ಭಾಗದ ಕೆಲವು ಮನೆತನಗಳಲ್ಲಿ ಉಳಿದಿರಬಹುದು. ಕೊಂಡಿ ಬೆಸೆದ ನಾಣ್ಯಕ್ಕೆ ಅಂಕ ಕೊಡುವವರು ಅಂಕವನ್ನೇ ಬರೆಯುವದಿಲ್ಲ, ‘ಕೆಟ್ಟಿದೆ’ ಎಂದು ಷರಾ ಬರೆಯುವರು. ಅವರ ಷರಾ ಕೇಳಿ ಕೊಂಡಿಯನ್ನು ಕೀಳಿಸಬೇಡಿರಿ. ಆ ನಾಣ್ಯವು ಕಡಲು ದಾಟಿ ಬಂದು ಯಾರದೋ ಕೊರಳಲ್ಲಿ ಬಾಳಿದ್ದಕ್ಕೆ ಆ ಕೊಂಡಿಯೇ ಸಾಕ್ಷಿ. ಹೊಸದಾಗಿ ಕೊಂಡಿ ಬೆಸೆಯಿಸುವದು ಮಾತ್ರ ಬೇಡ.

ಈಗ ಕಾಲಾಣೆಯ ಗತಿಯನ್ನು ಹೇಳಿ ಮುಗಿಸುತ್ತೇವೆ. ಬಲ್ಲವರೊಬ್ಬರು ಶುದ್ಧವಾದ ಅಸಿಟೋನಿನಲ್ಲಿ ಅದನ್ನು ಅದ್ದಿ, ತಿಕ್ಕದೆ, ಆ ಅಂಟನ್ನು ತೆಗೆದುಕೊಟ್ಟರು. (ಅಸಿಟೋನು ಬೆಂಕಿಗೆ ಬೇಗ ಹತ್ತುವದು, ಮಕ್ಕಳ ಕೈಗೆ ತಕ್ಕದ್ದಲ್ಲ.) ಹಸಿರು ಹೋಯಿತು. ಆಮ್ಲವು ತಿಂದ ಸಣ್ಣ ಕುಳಿಗಳು ರಾಣಿಯ ಕೆನ್ನೆಯ ಮೇಲೆ ಉಳಿದುಕೊಂಡವು, ಅವು ಇನ್ನು ಹೋಗುವದಿಲ್ಲ. ಪಾಲಿಯೆಸ್ಟರು ಕಿಟಕಿಯ ರಟ್ಟಿನಲ್ಲಿಟ್ಟು, ಪಿನ್ನುಗಳನ್ನು ಚಪ್ಪಟೆ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಅಜ್ಜಿಗೆ ಹಿಂದಿರುಗಿಸಲು ಹೋದೆವು. ರಟ್ಟಿನ ಮೇಲೆ ಇಸವಿಯನ್ನೂ ‘ಕಾಲಾಣೆ, ತಾಮ್ರ’ ಎಂಬುದನ್ನೂ ಬರೆದಿದ್ದೆವು. ಅಜ್ಜಿ ಅದನ್ನು ಮೊಮ್ಮಗನಿಂದ ಓದಿಸಿ ಕೇಳಿ, “ನಮ್ಮ ಅತ್ತಿ ಹೆಸರ ಎಲ್ಲೈತ್ರಿ?” ಎಂದರು. ಅದನ್ನೂ ಅವರ ಊರಿನ ಹೆಸರನ್ನೂ ಅಲ್ಲಿಯೇ ಬರೆದುಕೊಟ್ಟೆವು. ಆಗ ಡಬ್ಬಿಯನ್ನು ತಿರುಗಿ ನಮ್ಮ ಕೈಗೇ ಇಟ್ಟು, “ಸಾಲ್ಯಾಗ ಇರಲಿ, ಹುಡುಗುರು ನೋಡಲಿ” ಎಂದರು.

ಡಬ್ಬಿಯು ಈಗ ಕಚೇರಿಯ ಕಬ್ಬಿಣದ ಕಪಾಟಿನ ಮೇಲಿನ ಅರೆಯಲ್ಲಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಕೈ ತೊಳೆದುಕೊಂಡು ಬಂದವರಿಗೆ ತೋರಿಸುತ್ತೇವೆ.